ನವಲಗುಂದ–ಶಿರಸಂಗಿ ದತ್ತಿ, ಪ್ರಸಾದ ನಿಲಯ ಮತ್ತು ಉನ್ನತ ಶಿಕ್ಷಣ: ಒಂದು ಟಿಪ್ಪಣಿ

1. ವ್ಯಾಪ್ತಿ

ಆಧ್ಯಾತ್ಮಿಕ ಆದರ್ಶ ಉನ್ನತ ಶಿಕ್ಷಣದೊಳಕ್ಕೆ ಯಾವ ಬಾಗಿಲಿಂದ ಬಂತು ಎಂಬುದು ಇಲ್ಲಿಯ ಪ್ರಶ್ನೆ. ಇದನ್ನು ಇಡೀ ದೇಶಕ್ಕೆ ಕೇಳಿದರೆ ಉತ್ತರ ಸಡಿಲವಾಗುತ್ತದೆ. ಆದ್ದರಿಂದ ನೋಟವನ್ನು ಧಾರವಾಡ ಜಿಲ್ಲೆಯ ಎರೆಸೀಮೆಗೆ, ನವಲಗುಂದ ತಾಲೂಕಿನ ತಿರ್ಲಾಪುರದಂಥ ಹಳ್ಳಿಯಿಂದ ಕಾಲೇಜಿಗೆ ಹೊರಟ ವಿದ್ಯಾರ್ಥಿಗೆ ಸೀಮಿತಗೊಳಿಸಿದೆ. ಈ ವಿದ್ಯಾರ್ಥಿ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ, ಅಳತೆಗೆ ಹಿಡಿದ ಒಂದು ಮಾನ ಮಾತ್ರ. ಕಾಲ ಸುಮಾರು 1900ರಿಂದ ಈಚಿನದು.

ತಾತ್ಕಾಲಿಕವಾಗಿ ಮುಂದಿಡುವ ವಾದ ಹೀಗಿದೆ. ಈ ಸೀಮೆಯಲ್ಲಿ ಆದರ್ಶ ಮುಖ್ಯವಾಗಿ ಪಠ್ಯಕ್ರಮದ ಮೂಲಕ ಬಂದಂತೆ ಕಾಣುವುದಿಲ್ಲ. ಆಸ್ತಿಯ ಮೃತ್ಯುಪತ್ರ, ಊಟದ ಪಂಕ್ತಿ, ಅಧ್ಯಾಪಕರ ಸಂಬಳ ಈ ಮೂರರ ಮೂಲಕ ಬಂದಂತೆ ಕಾಣುತ್ತದೆ. ರಾಷ್ಟ್ರಮಟ್ಟದ ಆಯೋಗಗಳು ಅದನ್ನು ಹುಡುಕಿದ್ದು ಬಹುಪಾಲು ಪಠ್ಯಕ್ರಮದಲ್ಲಿ.

2. ಹೆಸರುಗಳ ಬಗ್ಗೆ ಎಚ್ಚರ

‘ನವಲಗುಂದ’ ಎಂಬ ಹೆಸರು ಕನಿಷ್ಠ ಮೂರು ಅರ್ಥಗಳಲ್ಲಿ ಬಳಕೆಯಲ್ಲಿದೆ: ಪಟ್ಟಣ, ತಾಲೂಕು, ದೇಸಗತಿ. ತಾಲೂಕಿನ ಗಡಿಯೂ ಸ್ಥಿರವಲ್ಲ. ಅಣ್ಣಿಗೇರಿ ಇತ್ತೀಚೆಗಷ್ಟೇ ಬೇರೆ ತಾಲೂಕಾಯಿತು. 1997ರಲ್ಲಿ ಗದಗ ಮತ್ತು ಹಾವೇರಿ ಪ್ರತ್ಯೇಕ ಜಿಲ್ಲೆಗಳಾಗುವವರೆಗೆ ‘ಧಾರವಾಡ ಜಿಲ್ಲೆ’ ಎಂದರೆ ಈಗಿನದಕ್ಕಿಂತ ಬಹಳ ದೊಡ್ಡ ಪ್ರದೇಶ. ಹಳೆಯ ಅಂಕಿಗಳನ್ನು ಇಂದಿನ ಜಿಲ್ಲೆಗೆ ನೇರವಾಗಿ ಹೊಂದಿಸುವ ಬರಹಗಳಲ್ಲಿ ಈ ತಪ್ಪು ಮರುಕಳಿಸುತ್ತದೆ.

ದೇಸಗತಿಯ ಹೆಸರು ಜೋಡಿ ಹೆಸರು. ಶಿರಸಂಗಿ ಇರುವುದು ಬೆಳಗಾವಿ ಜಿಲ್ಲೆಯಲ್ಲಿ, ಸವದತ್ತಿಯ ಕಡೆಗೆ. ನವಲಗುಂದ ಧಾರವಾಡ ಜಿಲ್ಲೆಯದು. ಮನೆತನದ ಕೊನೆಯ ಪ್ರಸಿದ್ಧ ದೇಸಾಯಿಯನ್ನು ಜನ ‘ಶಿರಸಂಗಿ ಲಿಂಗರಾಜ’ ಎಂದೇ ಕರೆದರು. ದತ್ತಿಯ ಹೆಸರಿನಲ್ಲಿ ಮಾತ್ರ ನವಲಗುಂದ ಉಳಿಯಿತು, ಬಹುತೇಕ ಬಳಕೆಗಳಲ್ಲಿ ಮೊದಲ ಪದವಾಗಿ. ಎರಡನ್ನೂ ತಿರುವುಮುರುವಾಗಿ ಬರೆಯುವ ರೂಢಿಯೂ ಇದೆ. ಇಲ್ಲಿ ‘ನವಲಗುಂದ–ಶಿರಸಂಗಿ’ ಎಂಬ ಕ್ರಮವನ್ನು ಅನುಸರಿಸಿದೆ.

3. ಲಿಂಗರಾಜರ ದತ್ತಿ

ಲಿಂಗರಾಜ ದೇಸಾಯಿಯವರು ಹುಟ್ಟಿದ್ದು 10 ಜನವರಿ 1861ರಂದು, ಈಗಿನ ಗದಗ ಜಿಲ್ಲೆಯ ಶಿಗ್ಲಿಯಲ್ಲಿ. ಹುಟ್ಟಿದಾಗಿನ ಹೆಸರು ರಾಮಪ್ಪ. ಬಾಲ್ಯದಲ್ಲಿ ಶಿರಸಂಗಿಯ ದೇಸಾಯಿ ಮನೆತನಕ್ಕೆ ದತ್ತಕ ಹೋದ ಮೇಲೆ ಲಿಂಗರಾಜ ಎಂಬ ಹೆಸರು ಬಂತು. 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಈ ಮಹಾಸಭೆಯ ಹಿಂದಿನ ಪ್ರೇರಣೆ ಹಾನಗಲ್ಲ ಕುಮಾರ ಸ್ವಾಮಿಗಳದು. ಲಿಂಗರಾಜರು 23 ಆಗಸ್ಟ್ 1906ರಂದು ತೀರಿಕೊಂಡರು. ಆಗ ವಯಸ್ಸು 45. ಸಂಸ್ಥಾನದ ಆಸ್ತಿಯನ್ನು ಅವರು ಲಿಂಗಾಯತ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟಿದ್ದರು. ನವಲಗುಂದ–ಶಿರಸಂಗಿ ಟ್ರಸ್ಟಿನ ಮೂಲ ಇದು. ‘ತ್ಯಾಗವೀರ’ ಎಂಬ ಬಿರುದಿನ ಮೂಲವೂ ಇದೇ.

ಈ ದತ್ತಿಯ ಮೂರು ಲಕ್ಷಣಗಳು ಗಮನಾರ್ಹ.

ಮೊದಲನೆಯದು, ಆದರ್ಶ ಮತ್ತು ದಾಖಲೆಯ ನಡುವಿನ ಅಂತರ. ತ್ಯಾಗ, ದಾಸೋಹ ಎಂಬ ಪದಗಳಲ್ಲಿ ನಾವು ಈಗ ವಿವರಿಸುವ ಕೃತ್ಯ ಅಂದು ನಡೆದದ್ದು ಮೃತ್ಯುಪತ್ರವೆಂಬ ವಸಾಹತುಕಾಲದ ಕಾನೂನು ರೂಪದಲ್ಲಿ. ಟ್ರಸ್ಟಿನ ಅಧ್ಯಕ್ಷತೆ ಮಠಾಧಿಪತಿಗಳ ಕೈಗೆ ಹೋಗದೆ ಬೆಳಗಾವಿಯ ಜಿಲ್ಲಾಧಿಕಾರಿಯ ಹುದ್ದೆಗೆ ಸೇರಿತು. ಧಾರ್ಮಿಕ ಪ್ರೇರಣೆಯ ಸೊತ್ತು ಸರಕಾರಿ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿ ವೇತನವಾಗಿ ಹಂಚಿಕೆಯಾಗುವ ಈ ವ್ಯವಸ್ಥೆಗೆ ‘ಧಾರ್ಮಿಕ’ ಅಥವಾ ‘ಲೌಕಿಕ’ ಎಂಬ ಒಂದೇ ಪದ ಸಾಲದು.

ಎರಡನೆಯದು, ಕಾಲದ ತೊಡಕು. ಲಿಂಗರಾಜರ ದತ್ತಿಯನ್ನು ವಚನಗಳ ಓದಿನಿಂದ ವಿವರಿಸುವುದು ಇಂದು ಸಾಮಾನ್ಯ. ಫ.ಗು. ಹಳಕಟ್ಟಿಯವರ ‘ವಚನ ಶಾಸ್ತ್ರಸಾರ’ ಪ್ರಕಟವಾದದ್ದು 1923ರಲ್ಲಿ. ‘ಶಿವಾನುಭವ’ ಪತ್ರಿಕೆ ಆರಂಭವಾದದ್ದು 1926ರಲ್ಲಿ. ಬಿಡಿ ಮುದ್ರಣಗಳು ಮೊದಲೇ ಇದ್ದವಾದರೂ ವಚನಗಳು ಓದುಗ ಸಮುದಾಯದ ಕೈಗೆ ವ್ಯಾಪಕವಾಗಿ ಬಂದದ್ದು ಲಿಂಗರಾಜರು ತೀರಿಕೊಂಡು ಹದಿನೇಳು ವರ್ಷ ಕಳೆದ ಮೇಲೆ. ಹಾಗಾಗಿ ದತ್ತಿಯ ಪ್ರೇರಣೆಯನ್ನು ಮಠಗಳ ದಾಸೋಹದ ರೂಢಿಯಲ್ಲಿ, ದೇಸಗತಿಗಳ ದಾನದ ಪರಂಪರೆಯಲ್ಲಿ, ಮಹಾಸಭೆಯ ಚರ್ಚೆಗಳಲ್ಲಿ ಹುಡುಕುವುದು ಹೆಚ್ಚು ಸುರಕ್ಷಿತ. ವಚನಗಳ ಪರಿಭಾಷೆ ಆ ಕೃತ್ಯಕ್ಕೆ ಅರ್ಥವಿವರಣೆಯಾಗಿ ನಂತರ ಸೇರಿಕೊಂಡಿರುವುದು ಸಂಭವನೀಯ.

ಮೂರನೆಯದು, ಫಲಾನುಭವಿಯ ವ್ಯಾಖ್ಯೆ. ಆದರ್ಶದ ಭಾಷೆ ಸರ್ವರನ್ನೂ ಒಳಗೊಳ್ಳುತ್ತದೆ, ದತ್ತಿ ಒಂದು ಸಮುದಾಯವನ್ನು ಹೆಸರಿಸುತ್ತದೆ. ಇದನ್ನು ಮುಚ್ಚಿಡುವುದೂ ಸರಿಯಲ್ಲ, ಇದೊಂದನ್ನೇ ಹಿಡಿದು ದತ್ತಿಯನ್ನು ತೂಗುವುದೂ ಸರಿಯಲ್ಲ. ಆ ದಶಕಗಳಲ್ಲಿ ಮುಂಬಯಿ ಪ್ರಾಂತದ ಶಿಕ್ಷಣ ಸಂಸ್ಥೆಗಳು ಬಹುಪಾಲು ಸಮುದಾಯದ ಹೆಸರಿನಲ್ಲೇ ಹುಟ್ಟಿದವು. ಧಾರವಾಡ–ಹುಬ್ಬಳ್ಳಿಗಳಲ್ಲಿ ಬಾಸೆಲ್ ಮಿಶನ್ ಮತ್ತು ಅಂಜುಮನ್ ಸಂಸ್ಥೆಗಳ ಕೆಲಸವನ್ನು ಪಕ್ಕದಲ್ಲಿಟ್ಟು ನೋಡಿದಾಗಲೇ ಚಿತ್ರ ಪೂರ್ಣವಾಗುತ್ತದೆ. ಆ ಹೋಲಿಕೆ ಈ ಟಿಪ್ಪಣಿಯ ಅಳತೆಗೆ ಮೀರಿದ್ದು.

4. ಊಟದ ಪ್ರಶ್ನೆ

ಕರ್ನಾಟಕ ಕಾಲೇಜು ಧಾರವಾಡದಲ್ಲಿ ಆರಂಭವಾದದ್ದು 1917ರಲ್ಲಿ. ಅದಕ್ಕೆ ಮೊದಲು ನವಲಗುಂದದ ಕಡೆಯ ಹುಡುಗನೊಬ್ಬ ಬಿ.ಎ. ಓದಬೇಕೆಂದರೆ ಪುಣೆ, ಮುಂಬಯಿ ಅಥವಾ ಕೊಲ್ಲಾಪುರದ ರಾಜಾರಾಮ ಕಾಲೇಜಿನ ದಾರಿ ಹಿಡಿಯಬೇಕಿತ್ತು. 1917ರ ನಂತರ ದೂರ ಕಡಿಮೆಯಾಯಿತು. ಫೀ ತುಂಬಿದ ಮೇಲೂ ಉಳಿಯುತ್ತಿದ್ದ ಪ್ರಶ್ನೆ, ಎಲ್ಲಿ ಮಲಗುವುದು, ಯಾರ ಮನೆಯಲ್ಲಿ ಉಣ್ಣುವುದು ಎಂಬುದು.

ಈ ಪ್ರಶ್ನೆಗೆ ಮೂರು ಉತ್ತರಗಳು ಬಳಕೆಯಲ್ಲಿದ್ದವು. ಅವುಗಳ ಹೆಸರುಗಳನ್ನೇ ಪರಿಶೀಲಿಸುವುದು ಉಪಯುಕ್ತ.

(ಅ) ವಾರಾನ್ನ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ಕ್ರಮ. ‘ವಾರದ ಮನೆ’ ಹಿಡಿದು ಓದಿದವರ ಉಲ್ಲೇಖ ಆ ಕಾಲದ ಆತ್ಮಕಥನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದರ ಹಿಂದೆ ಗುರುಕುಲದ ಭಿಕ್ಷಾವೃತ್ತಿಯ ನೆನಪಿದೆ. ಅಡುಗೆಮನೆಯ ಮಡಿಯ ಕಾರಣದಿಂದ ಇದು ಬಹುಪಾಲು ಬ್ರಾಹ್ಮಣ ವಿದ್ಯಾರ್ಥಿಗಳಿಗಷ್ಟೇ ದಕ್ಕುತ್ತಿದ್ದ ಅನುಕೂಲ.

(ಆ) ಬುತ್ತಿ. ಊರಿನಿಂದ ಕಟ್ಟಿ ಕಳಿಸುವ ರೊಟ್ಟಿ, ಪಲ್ಯ, ಚಟ್ನಿಪುಡಿ. ಮೊದಲು ಸಂತೆಗೆ ಬರುವವರ ಕೈಯಲ್ಲಿ, ನಂತರ ಬಸ್ಸಿನಲ್ಲಿ. ಜೋಳದ ರೊಟ್ಟಿ ಒಣಗಿದರೂ ಕೆಡುವುದಿಲ್ಲ ಎಂಬ ಸರಳ ಸಂಗತಿಗೆ ಈ ಸೀಮೆಯ ಉನ್ನತ ಶಿಕ್ಷಣದ ಚರಿತ್ರೆಯಲ್ಲಿ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ.

(ಇ) ಪ್ರಸಾದ ನಿಲಯ. ಮಠ ನಡೆಸುವ ಉಚಿತ ಊಟ–ವಸತಿಯ ಮನೆ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳ ಕಾಲದಲ್ಲಿ ಬೆಳೆದ ಪ್ರಸಾದ ನಿಲಯ ಇದರ ಪ್ರಸಿದ್ಧ ನಿದರ್ಶನ. ಹಳ್ಳಿಗಳಿಂದ ಬಂದ ಬಡ ವಿದ್ಯಾರ್ಥಿಗಳ ಅನೇಕ ತಲೆಮಾರುಗಳು ಅಲ್ಲಿ ಉಂಡು ಓದಿದವು.

‘ಬೋರ್ಡಿಂಗ್’, ‘ಹಾಸ್ಟೆಲ್’ ಎಂಬ ಪದಗಳು ಸುಲಭವಾಗಿ ಸಿಗುತ್ತಿದ್ದಾಗಲೂ ಮಠಗಳು ‘ಪ್ರಸಾದ ನಿಲಯ’ವನ್ನೇ ಉಳಿಸಿಕೊಂಡವು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಭಿಕ್ಷೆಯಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ಪ್ರಸಾದದಲ್ಲಿ, ಸಿದ್ಧಾಂತದ ಮಟ್ಟಿಗಾದರೂ, ಬಡಿಸುವವನೂ ಉಣ್ಣುವವನೂ ಒಂದೇ ಪದಾರ್ಥವನ್ನು ಪಡೆದವರು. ಬಡ ರೈತನ ಮಗ ಋಣದ ಭಾರವಿಲ್ಲದೆ ಉಣ್ಣಲು ಈ ಪದ ಎಷ್ಟು ನೆರವಾಯಿತು ಎಂಬುದನ್ನು ಅಳೆಯಲಾಗದು. ಆದರೆ ಪದದ ಆಯ್ಕೆ ಆಕಸ್ಮಿಕವಲ್ಲ ಎಂಬಷ್ಟನ್ನು ಹೇಳಬಹುದು. ಜೈನ ಪರಂಪರೆಯ ಚತುರ್ವಿಧ ದಾನದಲ್ಲಿಯೂ ಅನ್ನ ಮತ್ತು ವಿದ್ಯೆ ಒಂದೇ ಪಟ್ಟಿಯಲ್ಲಿ ಬರುವುದನ್ನು ಇಲ್ಲಿ ನೆನೆಯಬಹುದು.

ಈ ಮೂರನ್ನು ಒಂದೇ ‘ಅನ್ನದಾನ’ದ ಶೀರ್ಷಿಕೆಯಡಿ ಸೇರಿಸುವ ಬರಹಗಳಿವೆ. ಆ ವರ್ಗೀಕರಣ ಒಪ್ಪತಕ್ಕದ್ದಲ್ಲ. ಬುತ್ತಿ ದಾನವೇ ಅಲ್ಲ. ಅದು ತಾಯಿಯ ಶ್ರಮ.

5. ಸಂಬಳದ ಪ್ರಶ್ನೆ

1916 ಒಂದು ದಟ್ಟ ವರ್ಷ. ಫೆಬ್ರವರಿ 4ರಂದು ಬನಾರಸ ಹಿಂದೂ ವಿಶ್ವವಿದ್ಯಾಲಯದ ಶಂಕುಸ್ಥಾಪನೆ, ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯದ ಆರಂಭ, ನವೆಂಬರ್ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸಾಯಿಟಿ, ಅಂದರೆ ಕೆ.ಎಲ್.ಇ. ಈ ಮೂರರ ನಡುವೆ ಕಾರ್ಯಕಾರಣ ಸಂಬಂಧ ಕಲ್ಪಿಸಲು ಆಧಾರ ಸಾಲದು. ಕೆ.ಎಲ್.ಇ. ಆರಂಭಿಸಿದ್ದು ವಿಶ್ವವಿದ್ಯಾಲಯವನ್ನಲ್ಲ, ಒಂದು ಶಾಲೆಯನ್ನು. ಅದರ ಮೊದಲ ಕಾಲೇಜು 1933ರಲ್ಲಿ ಬೆಳಗಾವಿಯಲ್ಲಿ ತೆರೆಯಿತು. ಅದಕ್ಕೆ ಇಟ್ಟ ಹೆಸರು ಲಿಂಗರಾಜ ಕಾಲೇಜು. 1947ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು ಬಂತು.

ಕೆ.ಎಲ್.ಇ.ಯನ್ನು ಕಟ್ಟಿದ ಏಳು ಮಂದಿ ಶಿಕ್ಷಕರನ್ನು ‘ಸಪ್ತರ್ಷಿಗಳು’ ಎಂದೂ, ಆಸರೆಯಾದ ಅರಟಾಳ ರುದ್ರಗೌಡರು ಮೊದಲಾದ ಮೂವರನ್ನು ದಾನಿಗಳೆಂದೂ ಬೇರೆಯಾಗಿ ಹೇಳುವ ರೂಢಿಯಿದೆ. ಸ್ಥಾಪಕರ ಸಂಖ್ಯೆ ಕೆಲವೆಡೆ ಏಳು, ಕೆಲವೆಡೆ ಹತ್ತು ಎಂದು ಬರುವುದಕ್ಕೆ ಇದೇ ಕಾರಣವಿರಬಹುದು. ಸಂಖ್ಯೆಗಿಂತ ವಿಂಗಡಣೆಯೇ ಮುಖ್ಯ. ಋಷಿ ಎಂಬ ಪದ ಹೋದದ್ದು ಹಣ ಕೊಟ್ಟವರಿಗಲ್ಲ, ಕಡಿಮೆ ಸಂಬಳಕ್ಕೆ ಆಯುಷ್ಯ ಕೊಟ್ಟ ಶಿಕ್ಷಕರಿಗೆ. ಆಜೀವ ಸದಸ್ಯತ್ವದ ಈ ಕ್ರಮ 1884ರಲ್ಲಿ ಪುಣೆಯಲ್ಲಿ ಹುಟ್ಟಿದ ಡೆಕ್ಕನ್ ಎಜುಕೇಶನ್ ಸೊಸಾಯಿಟಿಯ ಮಾದರಿಯನ್ನು ಹೋಲುತ್ತದೆ. ಅಂದರೆ ರೂಪ ಹೊರಗಿನದು, ಅದಕ್ಕೆ ಕೊಟ್ಟ ಹೆಸರು ಪೌರಾಣಿಕ.

ಆ ಏಳರಲ್ಲಿ ಇಬ್ಬರು ಗ್ರಂಥಕಾರರಾಗಿಯೂ ಪರಿಚಿತರು. ಶಿ.ಶಿ. ಬಸವನಾಳರು ಬಸವಣ್ಣನವರ ಷಟ್‌ಸ್ಥಲದ ವಚನಗಳನ್ನು ಸಂಪಾದಿಸಿದರು. ಎಂ.ಆರ್. ಸಾಖರೆಯವರು ಲಿಂಗಾಯತ ಧರ್ಮದ ಇತಿಹಾಸ ಮತ್ತು ತತ್ತ್ವದ ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥ ಬರೆದರು. ವಿಜಾಪುರದಲ್ಲಿ ವಚನಗಳನ್ನು ಮುದ್ರಿಸಿದ ಹಳಕಟ್ಟಿಯವರೇ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನೂ ಕಟ್ಟಿದವರು. ಆಧ್ಯಾತ್ಮಿಕ ಪಠ್ಯದ ಶೋಧನೆ ಮತ್ತು ಶಾಲೆ–ಕಾಲೇಜಿನ ಸ್ಥಾಪನೆ ಒಂದೇ ಕೈಗಳಲ್ಲಿ ನಡೆದ ಈ ಅವಧಿಯನ್ನು, ಸರಿಸುಮಾರು 1910ರಿಂದ 1945ರವರೆಗಿನದನ್ನು, ಪ್ರತ್ಯೇಕ ಘಟ್ಟವಾಗಿ ಗುರುತಿಸಬಹುದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ತಾನಾಗಿ ಆಯ್ದುಕೊಂಡ ಕಡಿಮೆ ಸಂಬಳ ಬೇರೆ, ವ್ಯವಸ್ಥೆ ಹೇರಿದ ಕಡಿಮೆ ಸಂಬಳ ಬೇರೆ. ಕರ್ನಾಟಕದ ಸರಕಾರಿ ಪದವಿ ಕಾಲೇಜುಗಳಲ್ಲಿ ಇಂದು ಹತ್ತು ಸಾವಿರಕ್ಕೂ ಮಿಗಿಲು ಅತಿಥಿ ಉಪನ್ಯಾಸಕರಿದ್ದಾರೆ. 2023ರ ಕೊನೆಯಲ್ಲಿ ಸೇವಾಭದ್ರತೆಗಾಗಿ ಅವರು ಮುಷ್ಕರ ಹೂಡಿದರು. ಅವರೆದುರು ಸಪ್ತರ್ಷಿಗಳ ಉದಾಹರಣೆ ತಂದಿಡುವ ಮಾತು ವೇದಿಕೆಗಳಲ್ಲಿ ಕೇಳಿಬರುತ್ತದೆ. ಆ ಹೋಲಿಕೆ ನಿಲ್ಲದು. ಸಪ್ತರ್ಷಿಗಳು ಸಂಸ್ಥೆಯ ಒಡೆತನದಲ್ಲಿ, ನಿರ್ಧಾರದಲ್ಲಿ ಪಾಲುದಾರರಾಗಿದ್ದರು. ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷದ ಪಾಠದ ಖಾತ್ರಿಯೂ ಇಲ್ಲ.

6. 1949: ಎರಡು ದಾಖಲೆಗಳು

ಕರ್ನಾಟಕ ವಿಶ್ವವಿದ್ಯಾಲಯದ ಸ್ಥಾಪನೆಯ ವರ್ಷ ಕೆಲವೆಡೆ 1949, ಕೆಲವೆಡೆ 1950 ಎಂದಿದೆ. ಎರಡೂ ಸರಿ. ಕಾಯಿದೆ ಮತ್ತು ಆರಂಭ 1949ರದು, ಸ್ಥಳ ಮುಂಬಯಿ. ಕಚೇರಿ ಧಾರವಾಡಕ್ಕೆ ಬಂದದ್ದು 1950ರ ಅಕ್ಟೋಬರಿನಲ್ಲಿ. ಯಾವುದನ್ನು ಎಣಿಸುತ್ತಿದ್ದೇವೆ ಎಂದು ಹೇಳಿದರೆ ಭಿನ್ನತೆ ಕರಗುತ್ತದೆ.

ಇದೇ 1949ರ ಆಗಸ್ಟಿನಲ್ಲಿ ಎಸ್. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ವರದಿ ಕೊಟ್ಟಿತು. ಅದರಲ್ಲಿ ಧರ್ಮಶಿಕ್ಷಣಕ್ಕೆ ಪ್ರತ್ಯೇಕ ಅಧ್ಯಾಯವಿದೆ. ದಿನದ ಕೆಲಸ ಕೆಲವು ನಿಮಿಷಗಳ ಮೌನಧ್ಯಾನದಿಂದ ಆರಂಭವಾಗಬೇಕು. ಪದವಿಯ ಮೊದಲ ವರ್ಷ ಬುದ್ಧ, ಕನ್‌ಫ್ಯೂಶಿಯಸ್, ಸಾಕ್ರೆಟಿಸ್, ಏಸು, ಶಂಕರ, ರಾಮಾನುಜ, ಮಧ್ವ, ಮಹಮ್ಮದ್, ಕಬೀರ, ನಾನಕ್, ಗಾಂಧಿ ಮೊದಲಾದವರ ಜೀವನ. ಎರಡನೆಯ ವರ್ಷ ಜಗತ್ತಿನ ಧರ್ಮಗ್ರಂಥಗಳ ಆಯ್ದ ಭಾಗ. ಮೂರನೆಯ ವರ್ಷ ಧರ್ಮತತ್ತ್ವಶಾಸ್ತ್ರದ ಮುಖ್ಯ ಸಮಸ್ಯೆಗಳು. ಈ ಪಟ್ಟಿಯಲ್ಲಿ ಮೂವರು ಆಚಾರ್ಯರಿದ್ದಾರೆ, ಬಸವಣ್ಣನವರಿಲ್ಲ. ರಾಧಾಕೃಷ್ಣನ್ 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು ಎಂಬುದನ್ನು ಗಮನಿಸಿದರೆ ಈ ಬಿಡುವಿಕೆ ಇನ್ನೂ ಎದ್ದು ಕಾಣುತ್ತದೆ. ಆದರೆ ಪಟ್ಟಿಯನ್ನು ಪೂರ್ಣವೆಂದು ಆಯೋಗ ಹೇಳಿಕೊಂಡಿಲ್ಲ. ಹಾಗಾಗಿ ಇದರಿಂದ ದೊಡ್ಡ ತೀರ್ಮಾನ ಎಳೆಯಬಾರದು.

ಆಯೋಗದ ಸಲಹೆಗೆ ಬೆನ್ನಲ್ಲೇ ಸಂವಿಧಾನದ ಚೌಕಟ್ಟು ಬಂತು. 28ನೇ ವಿಧಿಯ ಮೊದಲ ಖಂಡದ ಪ್ರಕಾರ ಸಂಪೂರ್ಣವಾಗಿ ರಾಜ್ಯದ ಹಣದಿಂದ ನಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಸಲ್ಲದು. ಎರಡನೆಯ ಖಂಡ ಒಂದು ವಿನಾಯಿತಿ ಕೊಡುತ್ತದೆ: ರಾಜ್ಯ ಆಡಳಿತ ನಡೆಸಿದರೂ, ಧಾರ್ಮಿಕ ಬೋಧನೆಯನ್ನು ಕಡ್ಡಾಯಪಡಿಸುವ ದತ್ತಿ ಅಥವಾ ಟ್ರಸ್ಟಿನಿಂದ ಸ್ಥಾಪಿತವಾದ ಶಿಕ್ಷಣ ಸಂಸ್ಥೆಗೆ ಮೊದಲ ಖಂಡ ಅನ್ವಯಿಸದು. ಸರಕಾರಿ ಅಧಿಕಾರಿಯ ಅಧ್ಯಕ್ಷತೆಯ ನವಲಗುಂದ–ಶಿರಸಂಗಿ ದತ್ತಿಯನ್ನು ಈ ವಿನಾಯಿತಿಯ ಪಕ್ಕದಲ್ಲಿ ಇಟ್ಟು ನೋಡುವ ಆಸೆ ಸಹಜ. ಆದರೆ ಎರಡೂ ಹೊಂದುವುದಿಲ್ಲ. ಈ ದತ್ತಿಯ ಕೆಲಸ ಧರ್ಮವನ್ನು ಬೋಧಿಸುವುದಲ್ಲ, ಓದುವವನ ಖರ್ಚು ಹೊರುವುದು. ಸಂವಿಧಾನ ಊಹಿಸಿಕೊಂಡ ‘ಧಾರ್ಮಿಕ ದತ್ತಿ’ಯ ಮಾದರಿಯೇ ಬೇರೆ.

ಮುಂದಿನ ಕಂತುಗಳನ್ನು ಚಿಕ್ಕದಾಗಿ ಹೇಳಬಹುದು. 1959ರ ಶ್ರೀಪ್ರಕಾಶ ಸಮಿತಿ, 1964–66ರ ಕೊಠಾರಿ ಆಯೋಗ, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರೂ ಮೌಲ್ಯದ ಪ್ರಶ್ನೆಯನ್ನು ಮುಖ್ಯವಾಗಿ ಬೋಧನೆಯ ಪ್ರಶ್ನೆಯಾಗಿ ಎತ್ತಿದವು. ಕರ್ನಾಟಕದಲ್ಲಿ 2021–22ರಲ್ಲಿ ಜಾರಿಗೆ ಬಂದ ಹೊಸ ಪದವಿ ಪಠ್ಯಕ್ರಮದಲ್ಲಿ ಯೋಗ, ಆರೋಗ್ಯಗಳಿಗೆ ಅಂಕ ಸಿಕ್ಕವು. 2024ರ ಮೇ ತಿಂಗಳಲ್ಲಿ ರಾಜ್ಯ ಮೂರು ವರ್ಷದ ಪದವಿಗೆ ಮರಳಿತು.

7. ಧ್ಯೇಯವಾಕ್ಯ ಮತ್ತು ಉಪನ್ಯಾಸ

ಮೈಸೂರು ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳ ಧ್ಯೇಯವಾಕ್ಯಗಳು ಭಗವದ್ಗೀತೆಯಿಂದ ಬಂದವು, ಸಂಸ್ಕೃತದಲ್ಲಿವೆ. ಧಾರವಾಡ ಆರಿಸಿಕೊಂಡದ್ದು ‘ಅರಿವೇ ಗುರು’ ಎಂಬ ಕನ್ನಡದ ಎರಡು ಪದಗಳನ್ನು. ‘ಜ್ಞಾನ’ವನ್ನು ಪಡೆಯುತ್ತೇವೆ, ‘ಅರಿವು’ ಮೂಡುತ್ತದೆ. ಕನ್ನಡದ ಕ್ರಿಯಾಪದಗಳೇ ಈ ಭೇದವನ್ನು ತೋರಿಸುತ್ತವೆ. ಕಟ್ಟುನಿಟ್ಟಾಗಿ ಓದಿದರೆ ಈ ವಾಕ್ಯ ಗುರುವಿನ ಸ್ಥಾನವನ್ನು ವ್ಯಕ್ತಿಯಿಂದ ಬಿಡಿಸುತ್ತದೆ. ವಿಶ್ವವಿದ್ಯಾಲಯವೊಂದಕ್ಕೆ ಇದು ಅಸಾಧಾರಣ ಧ್ಯೇಯ. ಧ್ಯೇಯವಾಕ್ಯ ಆಚರಣೆಗೆ ಸಾಕ್ಷ್ಯವಾಗದು ಎಂಬ ಮಿತಿ ಇದ್ದೇ ಇದೆ.

ಆಚರಣೆಗೆ ಹತ್ತಿರದ ಒಂದು ಸಾಕ್ಷ್ಯ ಗುರುದೇವ ರಾನಡೆಯವರ ಉಪನ್ಯಾಸಗಳು. ರಾ.ದ. ರಾನಡೆ ಜಮಖಂಡಿಯವರು, ಇಂಚಗೇರಿ ಸಂಪ್ರದಾಯದ ಸಾಧಕರು, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಪ್ರಾಧ್ಯಾಪಕರು, ಅಲ್ಲಿಯೇ ಕುಲಪತಿಗಳು. ಕನ್ನಡ ಅನುಭಾವ ಸಾಹಿತ್ಯದ ಮೇಲೆ ಕರ್ನಾಟಕ ವಿಶ್ವವಿದ್ಯಾಲಯಕ್ಕಾಗಿ ಅವರು ಕೊಟ್ಟ ಉಪನ್ಯಾಸಗಳು ಪುಸ್ತಕವಾದದ್ದು 1960ರಲ್ಲಿ. ಅವರು ನಿಂಬಾಳದಲ್ಲಿ ದೇಹ ಬಿಟ್ಟದ್ದು 6 ಜೂನ್ 1957ರಂದು. ಅಂತಿಮ ಅಚ್ಚನ್ನು ಅವರು ನೋಡಿಲ್ಲ ಎಂಬುದನ್ನು ಆ ಗ್ರಂಥದಿಂದ ಉಲ್ಲೇಖಿಸುವವರು ಗಮನದಲ್ಲಿಡಬೇಕು. ವಿಶ್ವವಿದ್ಯಾಲಯ ಅನುಭಾವವನ್ನು ವಿಷಯವಾಗಿ ಕೈಗೆತ್ತಿಕೊಂಡಾಗ ಅದಕ್ಕೊಪ್ಪಿಸಿದ್ದು ಸ್ವತಃ ಸಾಧಕನಾದ ವಿದ್ವಾಂಸನಿಗೆ. ಇದು ಪದ್ಧತಿಯಾಗಿ ಬೆಳೆಯಿತೆನ್ನಲು ಒಂದು ನಿದರ್ಶನ ಸಾಲದು.

8. ದಾನದಿಂದ ಉಪಜೀವಿಕೆಗೆ

ದಾನ, ತ್ಯಾಗಗಳ ಭಾಷೆಯಲ್ಲಿ ಬೆಳೆದ ಸಂಸ್ಥೆಗಳ ಕಾನೂನು ಸ್ವರೂಪವೇನು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದದ್ದು ಕರ್ನಾಟಕದಿಂದಲೇ. ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯಿದೆ ರಾಜ್ಯದಲ್ಲಿ 1984ರಲ್ಲಿ ಬಂತು. 30 ಜುಲೈ 1992ರ ಮೋಹಿನಿ ಜೈನ್ ತೀರ್ಪಿನ ಮೂಲ ಇಲ್ಲಿಯ ಖಾಸಗಿ ವೈದ್ಯಕೀಯ ಕಾಲೇಜಿನ ಪ್ರವೇಶ ಶುಲ್ಕ. 31 ಅಕ್ಟೋಬರ್ 2002ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ, ಶಿಕ್ಷಣ ಸಂಸ್ಥೆ ನಡೆಸುವುದು ಸಂವಿಧಾನದ 19ನೇ ವಿಧಿಯ ಅರ್ಥದಲ್ಲಿ ‘ಉಪಜೀವಿಕೆ’ಯ ವ್ಯಾಪ್ತಿಗೆ ಬರುತ್ತದೆ ಎಂದಿತು. ಶಿಕ್ಷಣವನ್ನು ಪರಂಪರೆ ಧರ್ಮಕಾರ್ಯವೆಂದು ಕಂಡಿದೆ ಎಂಬುದನ್ನು ಪೀಠ ಮರೆಯಲಿಲ್ಲ. ಸಂಸ್ಥೆಯ ಬೆಳವಣಿಗೆಗೆ ಬೇಕಾದಷ್ಟು ಉಳಿತಾಯಕ್ಕೆ ಒಪ್ಪಿತು, ಲಾಭಕೋರತನಕ್ಕೆ ಒಪ್ಪಲಿಲ್ಲ.

ಇದನ್ನು ದಾಸೋಹದ ಅಂತ್ಯವೆಂದು ಓದುವವರಿದ್ದಾರೆ. ಆ ಓದು ಅವಸರದ್ದು. ದಾಸೋಹ ಕಾಯಕವನ್ನು ಪೂರ್ವಾಪೇಕ್ಷೆಯಾಗಿ ಹೊಂದಿದೆ. ದುಡಿಯುವುದು, ಉಪಜೀವಿಸುವುದು ಆ ಚಿಂತನೆಯಲ್ಲಿ ಕೀಳಲ್ಲ. ಭಿನ್ನತೆ ಇರುವುದು ಉಳಿದ ಹಣದ ಗತಿಯಲ್ಲಿ. ನ್ಯಾಯಾಲಯದ ಸೂತ್ರದಲ್ಲಿ ಉಳಿತಾಯ ಸಂಸ್ಥೆಗೇ ಮರಳುತ್ತದೆ, ದಾಸೋಹದಲ್ಲಿ ಅದು ಹೊರಗಿನವನ ಎಲೆಗೆ ಹೋಗಬೇಕು. ಸಂಸ್ಥೆ ಬೆಳೆದಷ್ಟೂ ಮೊದಲ ಸೂತ್ರ ಪಾಲನೆಯಾಗುತ್ತದೆ. ಎರಡನೆಯದು ಆಯಿತೇ ಎಂದು ತಿಳಿಯಲು ಬೇರೆ ಲೆಕ್ಕ ಬೇಕು.

9. ಇಂದಿನ ಅಂಕಿಗಳ ಬಗ್ಗೆ

ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ 2021–22ರ ವರದಿಯಂತೆ ದೇಶದ ಒಟ್ಟು ದಾಖಲಾತಿ ಪ್ರಮಾಣ 28.4, ಕರ್ನಾಟಕದ್ದು 36.2. 18ರಿಂದ 23 ವಯಸ್ಸಿನ ಒಂದು ಲಕ್ಷ ಜನಸಂಖ್ಯೆಗೆ ಕಾಲೇಜುಗಳು ದೇಶದಲ್ಲಿ 30, ಕರ್ನಾಟಕದಲ್ಲಿ 66. ಕಾಲೇಜಿನ ಸಾಂದ್ರತೆ ರಾಷ್ಟ್ರೀಯ ಸರಾಸರಿಯ ಎರಡು ಪಟ್ಟಿಗೂ ಹೆಚ್ಚು, ದಾಖಲಾತಿ ಮಾತ್ರ ಕಾಲುಭಾಗದಷ್ಟು ಹೆಚ್ಚು. ಈ ಅಂತರಕ್ಕೆ ಹಲವು ಕಾರಣಗಳಿರಬಹುದು, ಸಣ್ಣ ಕಾಲೇಜುಗಳ ಬಾಹುಳ್ಯ ಅವುಗಳಲ್ಲಿ ಒಂದು. ಕಟ್ಟಡ ಹತ್ತಿರ ಬಂದ ಮಾತ್ರಕ್ಕೆ ಓದು ಕೈಗೆಟುಕುವುದಿಲ್ಲ ಎಂಬುದು ಇನ್ನೊಂದಿರಬಹುದು. 1917ರಲ್ಲಿ ಧಾರವಾಡಕ್ಕೆ ಕಾಲೇಜು ಬಂದಾಗಲೂ ಆದದ್ದು ಇದೇ.

ಈ ಸಮೀಕ್ಷೆಯ ನಮೂನೆಯನ್ನು ತುಂಬುವವರು ವಿಶ್ವವಿದ್ಯಾಲಯಗಳು, ಕಾಲೇಜುಗಳು. ತಮ್ಮ ವಸತಿ ನಿಲಯಗಳ ವಿವರವನ್ನು ಅವು ಕೊಡುತ್ತವೆ. ಯಾವ ಕಾಲೇಜಿಗೂ ಸೇರದೆ ಮಠ ತಾನೇ ನಡೆಸುವ ಪ್ರಸಾದ ನಿಲಯ ಆ ನಮೂನೆಯ ಹೊರಗೆ ಉಳಿಯುತ್ತದೆ. ಅಲ್ಲಿ ಉಂಡು ಓದುವ ವಿದ್ಯಾರ್ಥಿ ಕಾಲೇಜಿನ ದಾಖಲಾತಿಯಲ್ಲಿ ಒಂದು ಅಂಕಿಯಾಗಿ ಸೇರುತ್ತಾನೆ, ಅವನ ಊಟ ಯಾವ ಕಾಲಮಿನಲ್ಲೂ ಸೇರುವುದಿಲ್ಲ. ತಿರ್ಲಾಪುರದಿಂದ ಬಸ್ಸಿಗೆ ಹಾಕಿ ಕಳಿಸಿದ ಬುತ್ತಿಯೂ ಹಾಗೆಯೇ.